ಕಾಲುವೆ ಬಿಟ್ಟು ಬಾವಿಗೆ

ಎಪ್ಪತ್ತರ ದಶಕದ ಕೊನೆಯ ಮಾತು. ಹನ್ನೊಂದು ವರ್ಷದ ನಾನು ಕಾಲುವೆಯಲ್ಲಿ ಮೊಸಳೆ ಕಂಡೆ. ಮಾನ್ವಿ ತಾಲ್ಲೂಕಿನ ನಮ್ಮೂರಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಮೆಟ್ಟಿಲುಗಳ ಆಚೆ, ಜಾಲಿಗಿಡದ ನೆರಳಲ್ಲಿ, ಮಾರುದ್ದ ಇತ್ತು. ನಾನು ನೋಡುತ್ತಿದ್ದಂತೆಯೇ ಮುಳುಗಿತು.

ಓಡಿ ಬಂದು ಹೇಳಿದರೆ ಅಜ್ಜಿ ಹುಣಸೆಹಣ್ಣು ಬಿಡಿಸುತ್ತ ನಕ್ಕುಬಿಟ್ಟಳು. “ಮನ್ನಿ ಏಳು ಹೆಡಿ ಹಾವು ಬಂದಿತ್ತು, ಇವತ್ತ ಮೊಸಳಿ. ನಾಳಿಗೆ ಆನಿ ಬರ್ತದ ಬಿಡು!”

ತಪ್ಪು ನನ್ನದೂ ಇತ್ತು. ಶಾಲೆಗೆ ಬರುತ್ತಿದ್ದ ಮಕ್ಕಳ ಪತ್ರಿಕೆಯಲ್ಲಿ ಒಬ್ಬ ರಾಜಕುಮಾರನ ಕಥೆ ಕಂತುಕಂತಾಗಿ ಬರುತ್ತಿತ್ತು. ರಾಕ್ಷಸ ಬಂದಿದ್ದಾನೆ ಅಂತ ಅವನು ಹೇಳಿದರೆ ಯಾರೂ ನಂಬದೆ ಅವನನ್ನೇ ಕಾಡಿಗಟ್ಟಿದ್ದರು. ಅದಕ್ಕೆ ಉಪ್ಪುಖಾರ ಹಚ್ಚಿ, ನಮ್ಮೂರಲ್ಲೇ ನಡೆದದ್ದು ಅಂತ ಗೆಳತಿಯರಿಗೆ ಹೇಳುತ್ತಿದ್ದೆ. ಈಗ ಅವರು ಆಟಕ್ಕೆ ಕರೆಯುವುದನ್ನೇ ಬಿಟ್ಟರು. ನನ್ನನ್ನು ಕಂಡರೆ “ಮೊಸಳಿ ಬಂತು, ಓಡ್ರೇ!” ಎಂದು ಕಿರುಚುತ್ತಿದ್ದರು.

ನನಗೆ ಮೈಯೆಲ್ಲ ಉರಿ. ಜೋಳದ ದಂಟನ್ನು ಕತ್ತಿಯಂತೆ ಹಿಡಿದು ಮಾಳಿಗೆ ಹತ್ತಿದೆ. ಅಲ್ಲಿಂದಲೇ ಇಡೀ ಊರನ್ನು ಗಡಿಪಾರು ಮಾಡಿದೆ. ಸಂಜೆ ಒಗ್ಗರಣೆ ಮಂಡಾಳಿನ, ಅಂದರೆ ಮಂಡಕ್ಕಿಯ, ವಾಸನೆ ಬಂದಾಗ ರಾಜಕುಮಾರ ತಾನೇ ಕೆಳಗಿಳಿದ. ಆದರೆ ಮಾತು ಮಾತ್ರ ಬಿಟ್ಟಿದ್ದೆ, ಅವ್ವನ ಜೊತೆಗಂತೂ ಪೂರ್ತಿ. ಅವಳು ನನ್ನ ಪರವಾಗಿ ಒಂದು ಮಾತೂ ಆಡಿರಲಿಲ್ಲ. ಅದೇ ದೊಡ್ಡ ಸಿಟ್ಟು.

ಆ ದಿನಗಳಲ್ಲೇ ಅವ್ವನಿಗೆ ಮೊಣಕಾಲು ನೋವು ಶುರುವಾಯಿತು. ಕಾಲುವೆಯ ಮೆಟ್ಟಿಲು ಇಳಿಯಲಾರೆ ಅಂತ ಬಟ್ಟೆಗಂಟು ಹೊತ್ತು ದೂರದ ಬಾವಿಗೆ ಹೋಗುತ್ತಿದ್ದಳು. ಅದು ಸವಳು ನೀರು, ಸಾಬೂನಿಗೆ ನೊರೆಯೇ ಬರುತ್ತಿರಲಿಲ್ಲ. ಹಗ್ಗ ಜಗ್ಗಿ ಜಗ್ಗಿ ಅಂಗೈ ಕೆಂಪಾಗುತ್ತಿತ್ತು. ಅಜ್ಜಿ ದಿನಾ ಬೈಯುತ್ತಿದ್ದಳು. ನನಗೆ ನನ್ನ ಸಿಟ್ಟಿನ ನಡುವೆ ಅದನ್ನೆಲ್ಲ ನೋಡಲು ಪುರಸೊತ್ತೆಲ್ಲಿ?

ಬೇಸಿಗೆಗೆ ಕಾಲುವೆಯ ನೀರು ನಿಲ್ಲಿಸಿದರು. ಪ್ರತಿ ವರ್ಷದಂತೆ ಊರ ಮಂದಿ ತಗ್ಗಿನಲ್ಲಿ ಉಳಿದ ಮೀನು ಹಿಡಿಯಲು ಬುಟ್ಟಿ ತಗೊಂಡು ಇಳಿದರು. ಇಳಿದದ್ದಕ್ಕಿಂತ ಜೋರಾಗಿ ಮೇಲೆ ಬಂದರು! ಜಾಲಿಗಿಡದ ಕೆಳಗಿನ ಕೆಸರಲ್ಲಿ ನನ್ನ ಮೊಸಳೆ ಬಾಯಿ ತೆರೆದು ಮಲಗಿತ್ತು. ಅರಣ್ಯದವರು ಬಂದು ಹಗ್ಗ ಬಿಗಿದು ನದಿಗೆ ಒಯ್ದರು. ಸಂಜೆಯೊಳಗೆ, ಅದನ್ನು ತಾವು ಮೊದಲೇ ಕಂಡಿದ್ದೆವು ಎನ್ನದವರು ಊರಲ್ಲಿ ಉಳಿಯಲಿಲ್ಲ, ನಮ್ಮ ಅಜ್ಜಿಯೂ ಸೇರಿ.

ನಾನು ಅವ್ವನ ಮೇಲೆ ಹರಿಹಾಯ್ದೆ. “ಯವ್ವಾ, ನೀನರ ನನ್ನ ನಂಬಬಾರದಿತ್ತೇನು?”

“ನಂಬಲಾರದ ಆ ಸವಳ ಬಾವಿಗಿ ಹೋಗ್ತಿದ್ನೇನು? ನನ್ನ ಮೊಣಕಾಲು ಗಟ್ಟೇ ಅದಾವ.”

“ಮತ್ತ ಯಾರಿಗೂ ಯಾಕ ಹೇಳಲಿಲ್ಲ?”

“ಹೇಳಿದ್ನೆವ್ವಾ. ನಿಮ್ಮಜ್ಜಿ ಮುಂದ ಹೇಳಿದೆ, ಅರಬಿ ಒಗಿಯೋರ ಮುಂದ ಹೇಳಿದೆ. ಮಗಳ ಹುಚ್ಚು ತಾಯಿಗೂ ಹತ್ತ್ಯಾದ ಅಂದ್ರು. ಅದಕ್ಕ ಮೊಣಕಾಲಿನ ನೆವ ಹೇಳಿದೆ.”

ಹೇಳಿ ನಕ್ಕಳು. ನನಗೂ ನಗು ಬಂತು, ಅದರ ಹಿಂದೆಯೇ ಅಳು.

ಕಾಲುವೆ ಬತ್ತಿದ್ದರಿಂದ ಮರುದಿನ ಊರೇ ಆ ಬಾವಿಗೆ ಬಂತು. ಅವ್ವನ ಸರದಿ ಬಂದಾಗ ಹಗ್ಗ ನಾನು ಜಗ್ಗಿದೆ.