ಕೋಶಗಳಿಗೆ ಉಣಬಡಿಸಿದ ವರ್ಷ

ಎಂಬತ್ತರ ದಶಕದ ನಡುವೆ ಕೋಲಾರದ ಹೊರಗಿನ ಒಂದು ಚಿಕ್ಕ ಪ್ರಯೋಗಾಲಯದಲ್ಲಿ ನನಗಿದ್ದ ಕೆಲಸ ಇಲಿಯ ಜೀವಕೋಶಗಳಿಗೆ ಊಟ ಹಾಕುವುದು. ಹಸುಗಳು ದಿನ ತುಂಬುವ ಮೊದಲೇ ಕಂದು ಹಾಕುವ ರೋಗವನ್ನು ಬೇಗ ಪತ್ತೆ ಹಚ್ಚಲು ಒಂದು ಪ್ರತಿಕಾಯ, ಅಂದರೆ ಆಂಟಿಬಾಡಿ, ಬೇಕಿತ್ತು. ಅದನ್ನು ತಯಾರಿಸುತ್ತಿದ್ದದ್ದು ನಮ್ಮಲ್ಲಿದ್ದ ಒಂದೇ ಒಂದು ಕೋಶದ ತಳಿ. ಆ ತಳಿ ಕೈಗೆ ಸಿಗುವಷ್ಟರಲ್ಲಿ ಎಲ್ಲರೂ ಹೈರಾಣಾಗಿದ್ದೆವು.

ಆ ಕೋಶಗಳೋ, ಬೀಗರಿಗಿಂತ ಹೆಚ್ಚು ಬಿಗುಮಾನದವು. ಕರುವಿನ ರಕ್ತದಿಂದ ತೆಗೆದ ವಿದೇಶಿ ಸೀರಂ ಬೆರೆಸಿಕೊಟ್ಟರೆ ಮಾತ್ರ ಬದುಕುತ್ತಿದ್ದವು. ಸೀರಂ ಮುಗಿಯಿತು, ಹೊಸದು ಬರಲಿಲ್ಲ. ಇಲ್ಲಿಯದೇ ಸೀರಂ ಹಾಕಿದೆ, ಸತ್ತವು. ಗ್ಲುಟಮಿನ್ ಹೆಚ್ಚಿಸಿದೆ, ಇನ್ಸುಲಿನ್ ಸೇರಿಸಿದೆ, ಸಕ್ಕರೆ ಅಂಶ ಏರಿಸಿ ಇಳಿಸಿದೆ. ಒಂದು ವಾರ ಚೇತರಿಸಿಕೊಂಡರೆ ಮರುವಾರ ಕರೆಂಟ್ ಹೋಗಿ ಮತ್ತೆ ಮೊದಲಿನಿಂದ. ಮುಳಬಾಗಿಲಿನಿಂದ ಬೆಳಗಿನ ಬಸ್ಸು ಹತ್ತುವಾಗಲೇ ನನಗೆ ಸಿಟ್ಟು ಶುರುವಾಗುತ್ತಿತ್ತು.

ಕೊನೆಗೊಂದು ಬೆರಕೆ ಕೈ ಹಿಡಿಯಿತು. ಕೋಶಗಳು ಬಾಟಲಿ ತುಂಬ ಬೆಳೆದವು. ಮುಖ್ಯಸ್ಥರು ಹಿಗ್ಗಿ ಮೈಸೂರು ಪಾಕು ತರಿಸಿದರು.

"ಪ್ರತಿಕಾಯ ಎಷ್ಟಿದೆ ಅಂತ ನೋಡೋಣ ಸರ್," ಅಂದೆ.

"ಇಷ್ಟು ಚೆನ್ನಾಗಿ ಬೆಳೆದಿವೆ, ಇನ್ನೇನ್ರೀ ನೋಡೋದು?"

ಆದರೂ ನೋಡಿದೆ. ಪ್ರತಿಕಾಯ ಇರಲೇ ಇಲ್ಲ. ಅದನ್ನು ತಯಾರಿಸುವುದನ್ನೇ ಬಿಟ್ಟ ಸೋಮಾರಿ ಕೋಶಗಳು ನಾನು ಹಾಕಿದ್ದನ್ನೆಲ್ಲ ಉಂಡು, ದುಡಿಯುವವನ್ನು ಮೂಲೆಗೊತ್ತಿ ಕೊಬ್ಬಿದ್ದವು. ಅಷ್ಟು ತಿಂಗಳು ನಾನು ಸಾಕಿದ್ದು ಇವನ್ನು! ನನ್ನ ಪಾಲಿನ ಮೈಸೂರು ಪಾಕನ್ನು ಪೊಟ್ಟಣಕ್ಕೇ ವಾಪಸ್ ಇಟ್ಟೆ.

ಇನ್ನುಳಿದ ಆಸೆ, ಹೆಪ್ಪುಗಟ್ಟಿಸಿಟ್ಟಿದ್ದ ಮೂಲ ತಳಿಯ ಕೊನೆಯ ಸೀಸೆ. ನಮ್ಮ ದ್ರವ ಸಾರಜನಕದ ಕ್ಯಾನು ಕೆಟ್ಟಿದ್ದರಿಂದ ಅದನ್ನು ನಮ್ಮೂರಿನ ದನದ ಆಸ್ಪತ್ರೆಯಲ್ಲಿ, ಹೋರಿ ವೀರ್ಯದ ಕಡ್ಡಿಗಳನ್ನಿಡುವ ಕ್ಯಾನಿನೊಳಗೆ ಇರಿಸಿದ್ದೆ. ಅಂದೇ ಸಂಜೆ ಅಲ್ಲಿಗೆ ಓಡಿದೆ. ಕಾಂಪೌಂಡರ್ ನಗುತ್ತಾ ಎದ್ದು ಬಂದರು.

"ನಿಮ್ ಸೀಸೆ ಜೋಪಾನವಾಗೈತಮ್ಮ. ಹೋದ ವಾರ ಕ್ಯಾನ್‌ನ ನಂಗಲಿ ಕಡೆ ತಗೊಂಡೋಗ್ಬೇಕಾಯ್ತು. ಜೀಪ್ ಕುಲುಕಾಟಕ್ಕೆ ಒಡೆದೋದ್ರೆ ಅಂತ ನಾನೇ ತೆಗೆದು ಫ್ರಿಜ್ಜಲ್ಲಿಟ್ಟೆ."

ಫ್ರಿಜ್ಜಿನಲ್ಲಿ, ಲಸಿಕೆಗಳ ಪಕ್ಕ, ಹತ್ತಿ ಸುತ್ತಿದ ಸೀಸೆ. ಅವರು ಹತ್ತಿ ಬಿಡಿಸಿ ತೋರಿಸಿದರು. ಒಳಗಿನ ಹೆಪ್ಪು ಕರಗಿ ನೀರಾಗಿತ್ತು. ಹಾಗೆ ಕರಗಿದ ಕೋಶಗಳು ವಾರವಿಡೀ ಬದುಕುವುದಿಲ್ಲ. ವರ್ಷವೆಲ್ಲ ಕೂಡಿಟ್ಟ ಸಿಟ್ಟು ನಾಲಿಗೆ ತುದಿಗೆ ಬಂತು. ಬೈಯಲು ಬಾಯಿ ತೆರೆದೆ.

ಅಷ್ಟರಲ್ಲಿ ಅವರೇ ದನಿ ತಗ್ಗಿಸಿ ಕೇಳಿದರು: "ಅಲ್ಲಮ್ಮ, ಆ ಟೆಸ್ಟು ಯಾವಾಗ ಬರುತ್ತೆ? ನಮ್ಮನೆ ಹಸು ಮೊನ್ನೆ ಮತ್ತೆ ಕಂದು ಹಾಕ್ತು. ಅದಕ್ಕೇ ನಿಮ್ ಸೀಸೆನ ಇಷ್ಟು ಹುಷಾರಾಗಿ ನೋಡ್ಕೊಂಡಿರೋದು."

"ಬರುತ್ತೆ ಅಣ್ಣ," ಅಂದೆ.

ಸೀಸೆಯನ್ನು ವಾಪಸ್ ಕೊಡಿ ಎಂದು ಕೇಳಲಿಲ್ಲ. ಅವರು ಅದನ್ನು ಮತ್ತೆ ಹತ್ತಿಯಲ್ಲಿ ಸುತ್ತಿ, ಲಸಿಕೆಗಳ ಪಕ್ಕಕ್ಕಿಟ್ಟು, ಫ್ರಿಜ್ಜಿನ ಬಾಗಿಲನ್ನು ಮೆಲ್ಲಗೆ ಹಾಕಿದರು.