ಹಲ್ಲು ಉಳಿಸಿದ ಫೋನ್ ಕರೆ

ದೆವ್ವ, ಶಕುನ, ಕಣಿ ಎಂದರೆ ಮೊದಲಿನಿಂದಲೂ ನನಗೆ ನಗು. ಯಾರಾದರೂ ಅಂಥ ಕಥೆ ತೆಗೆದರೆ ‘ಸಾಕು ಬಿಡ್ರೀ’ ಎಂದು ಎದ್ದು ಹೋಗುತ್ತಿದ್ದವನು ನಾನು. ಈಗ ನೀವು ನನ್ನನ್ನು ನೋಡಿ ನಕ್ಕರೂ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ಜಪಾನಿನ ಕಾವಾಸಾಕಿಯಲ್ಲಿದ್ದಾಗ, ಮೇಲಿನ ದವಡೆಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡೆ. ಬೇರಿನೊಳಗಿನ ಮೂರು ಸಣ್ಣ ನಾಳಗಳನ್ನು, ಅಂದರೆ ಕೆನಾಲುಗಳನ್ನು, ಶುಚಿ ಮಾಡಿ ತುಂಬಿಸಿದರು. ನೋವು ಮಾತ್ರ ಹೋಗಲಿಲ್ಲ. ಎಕ್ಸ್-ರೇಯಲ್ಲಿ ಏನೂ ಕಾಣುತ್ತಿರಲಿಲ್ಲ. ಒಂದು ದಿನ ಡಾಕ್ಟರು ಬಹಳ ಹೊತ್ತು ಏನೋ ವಿವರಿಸಿದರು. ನನ್ನ ಜಪಾನಿ ಭಾಷೆ ಕ್ಷಮಿಸಿ, ಧನ್ಯವಾದ ಎನ್ನುವ ಸುಮಿಮಾಸೆನ್, ಅರಿಗಾತೋ ದಾಟಿರಲಿಲ್ಲ. ಆಫೀಸಿನ ಮೀಟಿಂಗುಗಳಲ್ಲಿ ಮಾಡುವ ಹಾಗೆಯೇ ಪ್ರತಿ ಮಾತಿಗೂ ‘ಹೈ, ಹೈ’, ಅಂದರೆ ಹೌದು ಹೌದು, ಎಂದು ತಲೆಯಾಡಿಸಿದೆ. ಮುಂದಿನ ಸಲ ಹಲ್ಲು ಕೀಳುವುದಕ್ಕೆ ಒಪ್ಪಿ ಬಂದಿದ್ದೇನೆಂಬುದು ನನಗೆ ಗೊತ್ತೇ ಇರಲಿಲ್ಲ.

ಮುಂದಿನ ಭೇಟಿಯಿದ್ದ ಶನಿವಾರ, ಭಾಷೆ ಚೆನ್ನಾಗಿ ಬಲ್ಲ ಗೆಳೆಯ ಪ್ರಕಾಶನನ್ನು ಕರೆದುಕೊಂಡು ಹೋದೆ. ಕೌಂಟರಿನ ಹುಡುಗಿ ಬಗ್ಗಿ ವಂದಿಸಿ ಏನೋ ಹೇಳಿದಳು. ಪ್ರಕಾಶ ನನ್ನನ್ನೇ ದಿಟ್ಟಿಸಿದ.

“ಇವತ್ತು ನಿನ್ನ ಹಲ್ಲು ಕೀಳೋದಿತ್ತಂತೆ ಕಣೋ. ನಿನ್ನೆ ಮಧ್ಯಾಹ್ನ ನೀನೇ ಫೋನ್ ಮಾಡಿ, ಬೇಡ, ನಾಲ್ಕನೇ ಕೆನಾಲ್ ಉಳ್ಕೊಂಡಿದೆ, ಮೊದಲು ತ್ರೀ-ಡಿ ಸ್ಕ್ಯಾನ್ ಮಾಡಿ ಅಂದ್ಯಂತೆ. ನಿನ್ನ ಜಪಾನೀಸ್ ಸೂಪರ್ ಅಂತ ಹೊಗಳ್ತಿದಾಳೆ.”

“ನಾನಾ? ತಮಾಷೆ ಮಾಡ್ಬೇಡ.”

ಅವಳು ಕೌಂಟರಿನ ಫೋನ್ ತಿರುಗಿಸಿ ಹಿಂದಿನ ದಿನ ಬಂದ ಕರೆ ತೋರಿಸಿದಳು. ನನ್ನದೇ ನಂಬರ್. ಹಿಂದಿನ ಮಧ್ಯಾಹ್ನವಿಡೀ ನಾನು ಫ್ಯಾಕ್ಟರಿಯ ಲ್ಯಾಬಿನಲ್ಲಿದ್ದೆ. ಒಳಗೆ ಫೋನ್ ಒಯ್ಯುವಂತಿಲ್ಲ. ಅದು ಹೊರಗೆ ಲಾಕರಿನಲ್ಲಿತ್ತು, ಬೀಗದ ಕೈ ನನ್ನ ಜೇಬಿನಲ್ಲಿತ್ತು. ನನ್ನ ಫೋನಿನಲ್ಲಿ ಹುಡುಕಿದರೆ ಅಂಥ ಕರೆಯೇ ಇಲ್ಲ.

ಸ್ಕ್ಯಾನ್ ಆಯಿತು. ಯಂತ್ರ ತಲೆಯ ಸುತ್ತ ಒಂದು ಸುತ್ತು ಬಂತು, ಅಷ್ಟೇ. ಡಾಕ್ಟರು ಪರದೆಯ ಮೇಲೆ ಹಲ್ಲನ್ನು ತಿರುಗಿಸಿ, ಪದರ ಪದರವಾಗಿ ಬಿಡಿಸಿ ತೋರಿಸಿದರು. ತುಂಬಿಸಿದ್ದ ಮೂರು ಕೆನಾಲುಗಳ ಜೊತೆಗೆ ಕೂದಲೆಳೆಯಷ್ಟು ಸಣ್ಣದೊಂದು ನಾಲ್ಕನೆಯದು, ಬರಿದು. ಅದರ ಬುಡದಲ್ಲೇ ಸೋಂಕು. ಎಕ್ಸ್-ರೇಯಲ್ಲಿ ಅದು ಇನ್ನೊಂದರ ಹಿಂದೆ ಮರೆಯಾಗಿತ್ತು.

“ನಿಂಗೆ ಹೇಗೆ ಗೊತ್ತಾಯ್ತು ಅಂತ ಡಾಕ್ಟರ್ ಕೇಳ್ತಿದಾರೆ,” ಎಂದ ಪ್ರಕಾಶ. ನಾನು ಅಭ್ಯಾಸದಂತೆ ‘ಹೈ, ಹೈ’ ಎಂದು ತಲೆಯಾಡಿಸಿದೆ.

ಅಂಥ ಕೆನಾಲ್ ಹಲವರಿಗೆ ಇರುತ್ತದಂತೆ. ಯಾರೋ ಊಹಿಸಿದರು ಎಂದೇ ಇಟ್ಟುಕೊಳ್ಳೋಣ. ಬೀಗ ಹಾಕಿದ ಲಾಕರಿನಲ್ಲಿ ಕೂತು ಊಹಿಸಿದವರು ಯಾರು?

ನಾಲ್ಕನೆಯದನ್ನೂ ಶುಚಿ ಮಾಡಿ ತುಂಬಿಸಿದ ಮೇಲೆ ಹಲ್ಲು ಉಳಿಯಿತು, ನೋವೂ ಹೋಯಿತು. ಹೆಂಡತಿ ಎಲ್ಲವನ್ನೂ ಕೇಳಿ, “ಯಾರೇ ಆಗ್ಲಿ, ಅವರಿಗೊಂದು ಥ್ಯಾಂಕ್ಸ್ ಹೇಳ್ಬೇಕಿತ್ತಲ್ರೀ,” ಎಂದಳು. ಹೇಳೋಣವೆಂದರೆ ನನ್ನ ಬಳಿ ಇರುವುದು ಒಂದೇ ನಂಬರ್. ಅದು ನನ್ನದೇ.