ಬಾಯಮ್ಮನ ಆರು ಲೋಟದ ಪಾತ್ರೆ

ಮಣಿಪಾಲದ ಪಾತ್ರೆ ಅಂಗಡಿಯಲ್ಲಿ ಆ ಎಂಟು ಮೂಲೆಯ ಅಲ್ಯೂಮಿನಿಯಂ ಕಾಫಿ ಪಾತ್ರೆಯ ತಿರುಪು ಬಿಚ್ಚಿ, ಒಳಗಿನ ಬಿಳಿ ರಬ್ಬರ್ ಬಳೆಯನ್ನು ಮೂಸಿ ನೋಡಿದೆ. ಅಂಗಡಿಯ ಹುಡುಗಿ ನನ್ನನ್ನು ವಿಚಿತ್ರವಾಗಿ ನೋಡಿದಳು. ನೋಡಲಿ. ಬಂದದ್ದು ಹೊಸ ರಬ್ಬರಿನ ವಾಸನೆ. ನನ್ನ ಮೂಗು ಹುಡುಕುತ್ತಿದ್ದದ್ದು ಒದ್ದೆ ಬಾಳೆನಾರಿನ ವಾಸನೆ...

"ಮನೆಯಲ್ಲಿ ಕಾಫಿ ಕುಡಿಯುವವರು ಎಷ್ಟು ಜನ ಮೇಡಂ? ಒಂದು ಲೋಟದ್ದು, ಮೂರರದ್ದು, ಆರರದ್ದು, ಎಲ್ಲ ಉಂಟು. ದೊಡ್ಡದು ತಗೊಂಡು ಅರ್ಧ ಮಾಡ್ಲಿಕ್ಕೆ ಆಗುದಿಲ್ಲ, ಹೇಳಿದ್ದೇನೆ."

ಗೊತ್ತುಂಟು ಮಾರಾಯ್ತಿ, ನೀನು ಹುಟ್ಟುವ ಮೊದಲೇ ಗೊತ್ತುಂಟು ಎಂದುಕೊಂಡೆ.

ಬಜಗೋಳಿಯಿಂದ ಶಂಕರಪುರಕ್ಕೆ ಮದುವೆಯಾಗಿ ಬಂದಾಗ ನಮ್ಮ ಬೇಲಿಯಾಚೆ ಬಾಯಮ್ಮ ಇದ್ದರು. ಕೊಂಕಣಿ ಮಾತನಾಡುವ ಕ್ರಿಶ್ಚಿಯನ್ ಹೆಂಗಸರನ್ನೆಲ್ಲ ನಮ್ಮ ಕಡೆ ಬಾಯಮ್ಮ ಎಂದೇ ಕರೆಯುವುದು. ನನಗೆ ಮಾತ್ರ ಬಾಯಮ್ಮ ಎಂದರೆ ಅವರೊಬ್ಬರೇ. ಅವರ ಗಂಡ ಹಡಗಿನಲ್ಲಿ ಅಡುಗೆಯವರು; ಒಮ್ಮೆ ರಜೆಗೆ ಬರುವಾಗ ಇಟಲಿಯ ಯಾವುದೋ ಬಂದರಿನಿಂದ ಇಂಥದ್ದೇ ಪಾತ್ರೆ ತಂದಿದ್ದರು. ಕೆಳಗೆ ನೀರು, ನಡುವೆ ಪುಡಿ. ಒಲೆಯ ಮೇಲಿಟ್ಟರೆ ಕಾಫಿ ಗುಳುಗುಳು ಎಂದು ಮೇಲಕ್ಕೆ ಏರುತ್ತಿತ್ತು.

ಎರಡೂ ಮನೆಗೆ ಮಲ್ಲಿಗೆ ತೋಟ. ನಸುಕಿಗೇ ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೂ ಒಯ್ಯುವ ಜೀಪು ಬರುವಷ್ಟರಲ್ಲಿ ಕಟ್ಟಿದ ಹೂವಿನ ಚೆಂಡುಗಳು ಜಗಲಿಯಲ್ಲಿ ಇರಬೇಕು. ಮಲ್ಲಿಗೆಗೆ ಭಾನುವಾರವಿಲ್ಲ, ಜ್ವರವಿಲ್ಲ, ತವರುಮನೆಯಿಲ್ಲ. ಅತ್ತೆ ಎದುರು ಕೂತು ನನ್ನ ಬೆರಳುಗಳನ್ನೇ ನೋಡುತ್ತಿದ್ದರು.

ಜೀಪು ಹೋದದ್ದೇ ತಡ, ಬೇಲಿಯಾಚೆಯಿಂದ ಕೂಗು ಬರುತ್ತಿತ್ತು. "ಬಾ ಮಗಾ, ಆರು ಲೋಟ ಆಗಿದೆ! ಎಲ್ಲ ಒಬ್ಬಳೇ ಕುಡಿದು ಸಾಯ್ಬೇಕಾ ನಾನು?"

ಇದಕ್ಕೆ ಅತ್ತೆಯೂ ಅಡ್ಡ ಬರುವಂತಿರಲಿಲ್ಲ. ಕಾಫಿ ಚೆಲ್ಲಿ ಎಂದು ಯಾರು ತಾನೇ ಹೇಳುತ್ತಾರೆ? ಆ ಮನೆಯಲ್ಲಿ ಬಾಯಮ್ಮನನ್ನು ಬಿಟ್ಟರೆ ಇದ್ದದ್ದು ಹಾಸಿಗೆ ಹಿಡಿದ ಅವರ ಮಾವ. ಅವರಿಗೆ ಗಂಜಿ ಮಾತ್ರ. ಚಿಕ್ಕ ಪಾತ್ರೆ ತರಿಸಬಹುದಿತ್ತಲ್ಲ ಎಂದು ಒಮ್ಮೆ ಕೇಳಿದೆ.

"ಒಂದು ಲೋಟದ್ದು ತಂದರೆ ನಿನ್ನನ್ನು ಎಂತ ಹೇಳಿ ಕರೆಯುದು?" ಎಂದು ನಕ್ಕರು.

ರಬ್ಬರ್ ಬಳೆ ಹರಿದಾಗ ಉಡುಪಿಯಿಡೀ ಹುಡುಕಿದರೂ ಬೇರೆ ಸಿಗಲಿಲ್ಲ. ಬಾಯಮ್ಮ ಬಿಡುತ್ತಾರೆಯೇ? ಹೂ ಕಟ್ಟುವ ನಾರನ್ನೇ ನೆನೆಸಿ, ಹೊಸೆದು, ಆ ಜಾಗದಲ್ಲಿ ಸುತ್ತಿದರು. ಪಾತ್ರೆ ಬದಿಯಿಂದ ಬುಸುಗುಟ್ಟಿತು, ಆದರೆ ಕಾಫಿ ಏರಿತು. ಅಂದಿನಿಂದ ಅವರ ಕಾಫಿಗೆ ನಾರಿನ ವಾಸನೆ.

ಅವರಿಗೆ ಇದ್ದದ್ದು ಒಂದೇ ಆಸೆ. ಗಂಡನ ಹಡಗು ತೇಲುವ ಕಡಲನ್ನು ನೋಡುತ್ತಾ ಒಂದು ಬೆಳಿಗ್ಗೆ ಕಾಪುವಿನ ತೀರದಲ್ಲಿ ಕೂತು ಈ ಕಾಫಿ ಕುಡಿಯಬೇಕು. ಕಾಪು ಏನು ದೂರವೇ? ಬಸ್ಸು ಹತ್ತಿದರೆ ಬಂದೇ ಬಿಡುತ್ತದೆ. ಆದರೆ ಚಳಿಗಾಲದ, ಬೇಸಿಗೆಯ ಬೆಳಗೆಲ್ಲ ಮಲ್ಲಿಗೆಯದ್ದು. ಮಳೆಗಾಲದಲ್ಲಿ ಹೂ ಇಲ್ಲ, ಕೈ ಖಾಲಿ. ಆಗ ಕಡಲಿಗೆ ಸಿಟ್ಟು, ತೀರಕ್ಕೆ ಇಳಿಯಲು ಬಿಡುವುದಿಲ್ಲ. ದೇವರೇ ಕೂತು ಹೆಣೆದ ಬೋನು!

"ಒಂದು ದಿನ ಕೊಯ್ಯದಿದ್ದರೆ ಎಂತ ಆಗ್ತದೆ ಬಾಯಮ್ಮ?" ಎಂದೆ.

"ಎಂತ ಆಗುದು? ಅರಳ್ತದೆ, ಅಷ್ಟೆ."

ಹೇಳಿದವರೇ ಫ್ಲಾಸ್ಕ್ ತೊಳೆದು ಕಿಟಕಿಯಲ್ಲಿ ಕವುಚಿಟ್ಟರು. ನಾಳೆಯೇ ಹೋಗುವುದು ಎಂದಾಯಿತು. ಬೆಳಗಾಗುವ ಮೊದಲೇ ಸೀರೆ ಉಟ್ಟು ನಾನು ಬೇಲಿಯ ಹತ್ತಿರ ನಿಂತಿದ್ದೆ. ಒಳಗಿನಿಂದ ಅವರ ಮಾವ ಕೂಗಿದರು, ಮತ್ತೆ ಕೂಗಿದರು. ಬಾಯಮ್ಮ ಬಾಗಿಲಿಗೆ ಬಂದು ನನ್ನನ್ನು ನೋಡಿದರು, ಹೂವಿನ ಬುಟ್ಟಿ ಎತ್ತಿಕೊಂಡು ತೋಟಕ್ಕೆ ಇಳಿದರು. ಫ್ಲಾಸ್ಕ್ ಎಷ್ಟೋ ಬೇಸಿಗೆ ಆ ಕಿಟಕಿಯಲ್ಲೇ ಇತ್ತು...

ನಾವು ಮಣಿಪಾಲದ ಫ್ಲ್ಯಾಟಿಗೆ ಬಂದ ಮೇಲೆ ಒಂದು ಬೇಸಿಗೆಯಲ್ಲಿ ಸುದ್ದಿ ಬಂತು. ಬಾಯಮ್ಮ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಓಡಿದೆ. ಆ ದಿನ ಅವರ ತೋಟದಲ್ಲಿ ಯಾರೂ ಕೊಯ್ದಿರಲಿಲ್ಲ. ಗಿಡಗಿಡವೂ ಬೆಳ್ಳಗೆ ಅರಳಿ ನಿಂತಿತ್ತು. ಅಷ್ಟು ವರ್ಷ ಅಲ್ಲಿ ಬಾಳಿದರೂ ತೋಟವಿಡೀ ಹಾಗೆ ಅರಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಜನ ಇದ್ದಾರೆ ಎನ್ನುವುದನ್ನೂ ಮರೆತು ಗೊಳೋ ಎಂದು ಅತ್ತುಬಿಟ್ಟೆ.

ಈಗ ಪಾರ್ಶ್ವವಾಯು ಬಡಿದು ನನ್ನ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಅವರನ್ನು ನೋಡಿಕೊಳ್ಳಲು ಬರುವ ಹೆಂಗಸು ಹೊರಡುವುದರೊಳಗೆ ನಿನ್ನೆ ಆ ಅಂಗಡಿಯಿಂದ ನಾನು ಮನೆ ಸೇರಬೇಕಿತ್ತು. ಅತ್ತೆಗೆ ಗಂಜಿ, ಗಂಡನಿಗೆ ಚಹಾ. ನನಗೆ ಒಂದು ಲೋಟದ್ದೇ ಧಾರಾಳ. ಆದರೂ ಆರರದ್ದನ್ನೇ ಕಟ್ಟಿಸಿಕೊಂಡು ಬಂದೆ.

ಇವತ್ತು ಬೆಳಿಗ್ಗೆ ಪಾತ್ರೆ ತುಂಬ ಕಾಫಿ ಮಾಡಿದೆ. ಕೂಗಿ ಕರೆಯೋಣವೆಂದರೆ ಇಲ್ಲಿ ಬೇಲಿಯಿಲ್ಲ. ಎದುರಿನ ಫ್ಲ್ಯಾಟಿಗೆ ಬೀಗ. ಒಂದು ಲೋಟ ಕುಡಿದೆ, ಉಳಿದದ್ದು ತಣಿಯಿತು. ಒಳಗಿನಿಂದ ಅತ್ತೆ ಮಂಚದ ಕಂಬಿ ಬಡಿದರು, ಮತ್ತೆ ಬಡಿದರು.

ಹೂವಾದರೆ ಅರಳುತ್ತದೆ, ಅಷ್ಟೆ. ಇವರನ್ನು ಒಂದು ದಿನ ಬಿಟ್ಟು ಹೋದರೆ ಎಂತ ಆಗುತ್ತದೆ ಬಾಯಮ್ಮ? ಅದನ್ನು ನೀವು ಹೇಳಿಯೇ ಹೋಗಲಿಲ್ಲ.